ಚೀನಾದ ಹೂವು, ಮಾನ್ವಿಯ ತಲಿ

ಬರ್ರಿ, ಹಿಂಗ ನೆರಳಿಗೆ ಬಂದು ಕೂಡ್ರಿ. ಆ ಹೂವಿನ ಬುಟ್ಟಿ ಅತ್ಲಾಗ ಸರಸ್ರಿ, ಸೆರಗು ತಗಲೀತು. ನನ್ನ ಹಣೇಬಾರ ಹೆಂಗದ ಅಂದ್ರ, ನಾ ಬಾಯಿ ಮುಚ್ಚಿಕೊಂಡು ಕುಂತ್ರೂ ನಗೆಪಾಟಲಿನ ಕೆಲಸ ನಮ್ಮನಿ ಹುಡುಕಿಕೊಂಡು ಬರ್ತದ. ಈ ಸಲ ಅಂತೂ ಚೀನಾ ತನಕ ಬೆನ್ನು ಹತ್ತಿ ಬಂತು.

ಮೊದಲು ನನ್ನ ಸಂಗತಿ ಕೇಳ್ರಿ. ಹುಟ್ಟಿದ್ದು ಅರಕೇರಾದಾಗ. ರಾಯಚೂರಿಗೆ ಬಂದು ಬಜಾರದಾಗ ಹೂವು ಕಟ್ಟಿ ಮಾರಕೋತ ಮುದುಕಿ ಆದೆ. ಊರ ಹೆಣ್ಣುಮಕ್ಕಳ ತಲಿಗೆಲ್ಲ ಹೂವು ಕೊಟ್ಟ ಕೈ ಇದು. ನನ್ನ ತಲಿಗೆ ಮಾತ್ರ, ಗಂಡ ತೀರಿಕೊಂಡ ದಿನದಿಂದ ಒಂದು ಎಸಳು ಇಲ್ಲ. ಹೂವು ಏರದಂಗ ಕಾಯಾಕಿ ಮಾನ್ವಿ ಊರಾಗಿರೋ ನನ್ನ ದೊಡ್ಡ ನಾದಿನಿ. ಆಕಿನೂ ಗಂಡನ್ನ ಕಳಕೊಂಡಾಕಿ. ನಮ್ಮ ಮಂದ್ಯಾಗ ಯಾರದೇ ಮದುವಿ ಇರಲಿ, ಮದುಮಗಳ ಹೂವು ಕಟ್ಟಾಕಿ ನಾನೇ. ಆದ್ರ ಹಿತ್ತಲ ಖೋಲ್ಯಾಗ ಕೂತು ಕಟ್ಟಬೇಕು, ಬಾಗಿಲ ಸಂದ್ಯಾಗ ಕೈ ಚಾಚಿ ಕೊಡಬೇಕು, ಚಪ್ಪರದ ಕಡಿ ಮಾರಿ ಹಾಕಂಗಿಲ್ಲ. ಅದು ಆಕಿ ಕಾನೂನು.

ಮುಂದಿನ ತಿಂಗಳು ಆಕಿ ಮೊಮ್ಮಗಳ ಮದುವಿ ಇತ್ತು. ಆ ಹುಡುಗಿ ನನ್ನ ತೊಡಿ ಮ್ಯಾಲೆ ಬೆಳದಾಕಿ. ಈ ಒಂದು ಸಲ ನನ್ನ ಕೈಲೇ, ಚಪ್ಪರದಾಗ, ಆಕಿಗೆ ಹೂವು ಮುಡಸಬೇಕು ಅನ್ನೋದು ನನ್ನ ಆಸಿ. ಆಗಂಗಿಲ್ಲ ಅಂತ ಗೊತ್ತಿತ್ತು. ಆದ್ರೂ ಆಸಿ.

೧. ಬಾಳಿ ನಾರು

ನನ್ನ ಮಗಳು ಕಾಲೇಜಿನಾಗ ಇತಿಹಾಸ ಹೇಳ್ತಾಳ. ಚೀನಾದ ಸಮುದ್ರದ ದಂಡಿಗೆ ಚ್ವಾನ್‌ಜೌ ಅಂತ ಒಂದು ಹಳೇ ಊರು ಅದ. ಅಲ್ಲಿ ಭಾಷಣ ಮಾಡಾಕ ಆಕಿಗೆ ಕರೆ ಬಂತು. "ಯವ್ವಾ, ನೀನೂ ನಡಿ" ಅಂದ್ಳು. ನಾನು ಎರಡು ಸೀರಿ, ಶೇಂಗಾ ಚಟ್ನಿ, ಒಂದು ಕಟ್ಟು ಬಾಳಿ ನಾರು ಇಟಗೊಂಡೆ. ನಾರು ಇಲ್ದ ನನ್ನ ಕೈ ಸುಮ್ಮನ ಇರಂಗಿಲ್ಲ.

ವಿಮಾನ ಇಳದ ಕೂಡ್ಲೇ ಅಲ್ಲಿ ಚೀಲ ತಪಾಸಣಿ ಮಾಡೋ ಸಾಹೇಬ ಆ ನಾರು ಹಿಡಕೊಂಡು ನಿಂತ. ಇದು ಏನು, ಯಾತಕ್ಕ ಅಂತ. ಮಗಳು ಇಂಗ್ಲಿಷಿನಾಗ ಹೇಳಿ ಹೇಳಿ ಸಾಕಾದ್ಳು. ನಾನು ಅಲ್ಲೇ ನೆಲಕ್ಕ ಕುಂತೆ, ಕಾಲ ಹೆಬ್ಬೆಟ್ಟಿಗೆ ನಾರು ಸಿಗಿಸಿದೆ, ಅಂವನ ಮೇಜಿನ ಮ್ಯಾಲಿನ ಒರಸೋ ಕಾಗದ ಹರಿದು ಹೂವು ಮಾಡಿ ಸರಸರ ಒಂದು ಹಾರ ಕಟ್ಟಿ ಕೊಟ್ಟೆ. ಸಾಲಿನಾಗಿನ ಮಂದಿ ಚಪ್ಪಾಳಿ ಹೊಡೀತು. ಸಾಹೇಬನೂ ನಕ್ಕ. ಆದ್ರೂ, ನಾರು ಒಳಗ ಬಿಡಂಗಿಲ್ಲ ಅಂತ ಕಟ್ಟು ಇಟಗೊಂಡು, ಮರ್ಯಾದಿಲೇ ಹಾರ ನನ್ನ ಕೈಗೆ ಕೊಟ್ಟ. ಆ ಹಾರದಾಗ ಇದ್ದದ್ದೂ ಅದೇ ನಾರು ಅಂತ ಅಂವಗ ಹೊಳೀಲೇ ಇಲ್ಲ.

೨. ಸಿಂಪಿ ಸೇತುವಿ

ಊರು ತೋರಸಾಕ ಒಬ್ಬಾಕಿ ಚೀನೀ ಹುಡುಗಿ ಬಂದಿದ್ಳು. ಆಕಿ ಇಂಗ್ಲಿಷಿನಾಗ ಹೇಳಾಕಿ, ಮಗಳು ನನಗ ಕನ್ನಡದಾಗ. ಒಂದು ಕಾಲಕ್ಕ ಅದು ಭಾರೀ ಬಂದರ ಅಂತ. ಅರಬರು ಕಟ್ಟಿದ ಕಲ್ಲಿನ ಮಸೀದಿ ಅದ, ತಮಿಳು ಸೀಮಿ ವ್ಯಾಪಾರಸ್ಥರು ಕಟ್ಟಿದ್ದ ಶಿವನ ಗುಡಿಯ ಕಲ್ಲು ಅವ. ಸಂತಿ ದಿನ ನಮ್ಮ ಪೋತ್ನಾಳದಾಗ ಎಲ್ಲಾ ಮಂದಿ ಕೂಡಿದಂಗ ಕೂಡಿದ್ರು.

ಅಲ್ಲಿ ಒಂದು ಉದ್ದನ್ನ ಕಲ್ಲಿನ ಸೇತುವಿ. ಬುಡಕ್ಕ ಗಚ್ಚಿನ ಬದ್ಲಿ ಜೀವಂತ ಸಿಂಪಿ, ಅಂದ್ರ ಸಮುದ್ರದ ಚಿಪ್ಪಿನ ಹುಳ, ಬೆಳಸ್ಯಾರ. ಸಿಂಪಿ ಕಲ್ಲಿಗೆ ಕಚ್ಚಿಕೊಂಡು, ಕಲ್ಲು ಕಲ್ಲು ಹಿಡಕೊಂಡು, ನೂರಾರು ವರ್ಷದಿಂದ ಗಟ್ಟಿ ನಿಂತದ. ನಾನು ಮಗಳಿಗೆ ಅಂದೆ:

"ನಾಕು ಸಿಂಪಿ ಚೀಲದಾಗ ಹಾಕ್ಕೋ."

"ಯಾಕವ್ವಾ?"

"ನಮ್ಮ ಓಣಿ ಮೋರಿ ಪ್ರತಿ ಮಳಿಗೆ ಬೀಳ್ತದ. ಗುತ್ತೇದಾರನ ಬದ್ಲಿ ಸಿಂಪಿಗೇ ಕೊಡೂಣು ಕೆಲಸ."

೩. ಒರಳಿನ ಹುಡುಗ

ಮರುದಿನ ಬುದ್ಧನ ದೊಡ್ಡ ಗುಡಿಗೆ ಹೋದ್ವಿ. ಅದರ ಹಿಂದಿನ ಪಡಸಾಲಿಯಾಗ ಆ ಹಳೇ ಶಿವನ ಗುಡಿಯ ಎರಡು ಕಂಬ ತಂದು ನಿಲ್ಲಿಸ್ಯಾರ. ನಾಕಾರು ದೇಶದ ದೊಡ್ಡ ದೊಡ್ಡ ಮೇಷ್ಟ್ರುಗಳು ಕನ್ನಡಕ ಏರಿಸಿ ನೋಡಾಕತ್ತಿದ್ರು. "ಎರಡು ಗಿಡದ ನಡುವ ಒಬ್ಬ ಮನಷ್ಯ. ಪೈಲವಾನ ಇರಬೇಕು" ಅಂದ್ಳು ಆ ಹುಡುಗಿ, ಕಂಬದ ಮ್ಯಾಲಿನ ಒಂದು ಕೆತ್ತನಿ ತೋರಿಸಿ.

ನನಗ ತಡೀಲಿಲ್ಲ. "ಯಾವ ಪೈಲವಾನ ಬೇ! ಅಂವ ಕೃಷ್ಣ. ಬೆಣ್ಣಿ ಕದ್ದಾನಂತ ಅವರವ್ವ ಒರಳಿಗೆ ಕಟ್ಯಾಳ. ಒರಳು ಎಳಕೋತ ಹೋಗಿ ಎರಡು ಗಿಡ ಕೆಡವ್ಯಾನ" ಅಂತ ಪೂರಾ ಕತಿ ಹೇಳಿದೆ. ಮಗಳು ಬ್ಯಾರೆ ದಾರಿಯಿಲ್ದ ಇಂಗ್ಲಿಷಿಗೆ ತಿರುವಿದ್ಳು. ಮೇಷ್ಟ್ರುಗಳು ಪೆನ್ನು ತಗದು ಬರಕೊಂಡ್ರು. ಒಬ್ರು, "ಇವರು ಎಲ್ಲಿ ಓದ್ಯಾರ?" ಅಂತ ಕೇಳಿದ್ರಂತ.

ನನ್ನ ಮಗಳ ಮಾರಿ ಸಣ್ಣಗಾತು. "ಯವ್ವಾ, ನಾಳಿ ನನ್ನ ಭಾಷಣದಾಗ ಇದ್ದದ್ದೇ ಅದು!"

"ಅದಕ್ಯಾಕ ಅಳ್ತಿ? ನಿನಗ ಹೇಳಿದಾಕಿನೂ ನಾನೇ. ಆವಾಗ ಒಂದೊಂದು ತುತ್ತಿಗೆ ಒಂದೊಂದು ಮಾತು ಹೇಳಿದ್ದೆ."

೪. ಹೂವಿನ ಊರು

ಕಡೀ ದಿನ ಮೀನ ಹಿಡಿಯೋರ ಹಳ್ಳಿಗೆ ಹೋದ್ವಿ. ಗೋಡಿಗೆಲ್ಲ ಸಿಂಪಿ ಚಿಪ್ಪು. ಹೆಂಗಸರ ತಲಿ ನೋಡಿ ನಾ ನಿಂತಲ್ಲೇ ನಿಂತೆ. ತುರುಬಿನ ಸುತ್ತ ಒಂದರ ಹೊರಗ ಒಂದು, ಕೈ ಬಳಿಯಂಗ ದುಂಡಗ ಹೂವಿನ ಬಳಿ, ನಡುವ ಒಂದು ಕಡ್ಡಿ. ಬೊಚ್ಚುಬಾಯಿ ಮುದುಕೇರಿಗೂ ತಲಿ ತುಂಬ ಹೂವು!

ನನ್ನ ವಯಸ್ಸಿನಾಕಿ ಒಬ್ಬಾಕಿ ಹೂವು ಪೋಣಸಾಕತ್ತಿದ್ಳು. ಮಗ್ಗಲಕ್ಕ ಕುಂತೆ. ನಾ ಕಾಲ ಬೆರಳಿಂದ ಕಟ್ಟೋದು ತೋರಿಸಿದೆ, ಆಕಿ ಬಳಿ ಸುತ್ತೋದು ತೋರಿಸಿದ್ಳು. ಆಮ್ಯಾಲೆ ನನ್ನ ತಲೀಗೆ ಇಡಾಕ ಬಂದ್ಳು. ನಾ ಹಿಂದ ಸರದೆ. "ಬ್ಯಾಡ ಯವ್ವಾ, ನನ್ನ ಗಂಡ ಇಲ್ಲ."

ಮಗಳು ಆ ಹುಡುಗಿಗೆ, ಹುಡುಗಿ ಆ ಮುದುಕಿಗೆ ಹೇಳಿದ್ರು. ಮುದುಕಿ ಬಿದ್ದು ಬಿದ್ದು ನಕ್ಕು ಏನೋ ಅಂದ್ಳು. ಅದು ತಿರುಗಿ ನನ್ನ ತನಕ ಬಂತು:

"ನನ್ನ ಗಂಡನೂ ಇಲ್ಲ. ಅಂವ ಇದ್ದಾಗ ಒಂದಿನಾನೂ ಹೂವು ತಂದಾಂವಲ್ಲ. ಅಂವ ತರದ ಹೂವು ಅಂವನ ಜೋಡಿ ಹೆಂಗ ಹೋಗ್ತದ?"

ಅಂದಾಕಿನೇ ಹೂವಿನ ಬಳಿ ನನ್ನ ತುರುಬಿಗೆ ಇಟ್ಟೇ ಬಿಟ್ಳು. ತಲಿಗೆ ಹೂವು ಏರಿ ಎಷ್ಟೋ ವರ್ಷ ಆಗಿತ್ರಿ. ತಂಪು ಹತ್ತಿದ ಕೂಡ್ಲೇ ಕಣ್ಣಾಗ ನೀರು ಬಂತು. ಮಗಳು ಫೋಟೋ ಹೊಡದ್ಳು. ಹೊಡದಾಕಿ ಸುಮ್ಮನಿರಬೇಕಿಲ್ಲ? ಮನಿ ಮಂದಿ ಗುಂಪಿಗೆಲ್ಲ ಕಳಿಸಿದ್ಳು. ಕೊರಳ ತಿರುವೂದ್ರಾಗ ಮಾನ್ವಿಯಿಂದ ನಾದಿನಿ ಫೋನು.

"ಏನ್ಬೇ, ಹುಚ್ಚು ಹಿಡೀತೇನು? ಮದುವಿ ಕಡಿ ಮಾರಿ ಹಾಕಬ್ಯಾಡ!"

ಹಿತ್ತಲ ಖೋಲಿನೂ ಹೋತು ನೋಡ್ರಿ.

೫. ಅಳತಿ

ಊರಿಗೆ ಬಂದೆ. ಬುಟ್ಟಿ ಮುಂದ ಕುಂತು ದಿನದ ಹೂವು ಕಟ್ಟಾಕತ್ತಿದೆ. ಮದುವಿ ನಾಕು ದಿನ ಅದ ಅನ್ನಾಗ ನಾದಿನಿ ಫೋನು. ದನಿ ಸಣ್ಣದು.

"ಈ ಹುಡುಗಿ ಹಟ ಹಿಡದಾಳ. ನಿನ್ನ ಫೋಟೋದಾಗಿನ ಹೂವೇ ಬೇಕಂತ. ಇಲ್ಲಂದ್ರ ಹಸಿಮಣಿ ಏರಂಗಿಲ್ಲಂತ."

"ಬರ್ತೀನಿ. ಆದ್ರ ಚಪ್ಪರದಾಗ ಕೂತು ಕಟ್ತೀನಿ, ನನ್ನ ಕೈಲೇ ಮುಡಸ್ತೀನಿ."

ಫೋನು ಕಟ್. ಒಂದು ಚಾ ಕುಡಿಯೋ ಹೊತ್ತಿಗೆ ಮತ್ತ ಬಂತು. "ಬಾ. ಆದ್ರ ಹೂವಿಲ್ದ, ಬರೇ ತಲೀಲೇ ಬಾ."

ಬರೇ ತಲೀಲೇ ಹೋದೆ. ಚಪ್ಪರದ ನಟ್ಟನಡುವ ಕುಂತು ಬಳಿ ಕಟ್ಟಿದೆ. ಬಳಿ ಅಂದ್ರ ತಲಿ ಅಳತಿಗೆ ಕೂಡಬೇಕು. ಮದುಮಗಳು ಎಣ್ಣಿ ನೀರಿಗೆ ಕುಂತಿದ್ಳು. ನಾದಿನಿನ್ನ ಕರದೆ.

"ನಿನ್ನ ಮೊಮ್ಮಗಳ ತಲಿ ನಿನ್ನಂಗೇ ಗುಂಡಗದ. ಕೂಡು, ಅಳತಿ ನೋಡೂಣು."

"ನನ್ನ ತಲಿಗೆ ಹೂವು ಇಡ್ತಿಯೇನ?"

"ಹೂವಲ್ಲ ಅಕ್ಕಾ, ಅಳತಿ."

ಕುಂತ್ಳು, ಮಾರಿ ಗಂಟು ಹಾಕ್ಕೊಂಡು. ಒಂದು ಬಳಿ ಇಟ್ಟೆ. ಎರಡನೇದು ಇಟ್ಟೆ. ಯಾರೋ ಕನ್ನಡಿ ಹಿಡದ್ರು. ಆಕಿ ನೋಡಿದ್ಳು. ಕನ್ನಡಿ ತನ್ನ ಕೈಗೆ ತಗೊಂಡು ಮೆಲ್ಲಕ ಅಂದ್ಳು:

"ಸಡ್ಲ ಆದಂಗದ. ಇನ್ನೊಂದು ಸುತ್ತು ಹಾಕಿ ನೋಡು."

ಮದುಮಗಳು ಓಡಿ ಬಂದ್ಳು. "ಆಯೀ, ಕೊಡು, ಹೊತ್ತಾತು!"

"ತಡಿ ಬೇ! ಅಳತಿ ಇನ್ನೂ ಮುಗಿದಿಲ್ಲ."

ಆ ಹೂವು ಆಕಿ ತಲಿಯಿಂದ ಇಳೀಲೇ ಇಲ್ಲ. ಮದುಮಗಳಿಗೆ ನಾನು ಬ್ಯಾರೆ ಕಟ್ಟಿ, ಎಲ್ಲಾರ ಮುಂದ, ಇದೇ ಕೈಲೇ ಮುಡಿಸಿದೆ.

ಈಗ ಯಾರ್ಯಾರು ಏನಾದ್ರು ಅಂತೀರಿ? ಆ ಚೀನೀ ಹುಡುಗಿ ಬಂದವರಿಗೆಲ್ಲ ಒರಳಿನ ಕತಿ ಹೇಳ್ತಾಳಂತ, ಬೆಣ್ಣಿ ಕದ್ದದ್ದು ತುಸು ಜಾಸ್ತಿ ಮಾಡಿ. ಅಲ್ಲಿನ ಹೂವಿನ ಮುದುಕಿ ಕಾಲ ಬೆರಳಿಗೆ ದಾರ ಸಿಗಿಸಿ ಕಟ್ಟೋ ಫೋಟೋ ಬಂತು. ನನ್ನ ಮಗಳು ಪುಸ್ತಕದಾಗ ಬರದಾಳ, "ಕಂಬದ ಕತಿ ಹೇಳಿದವರು: ನಮ್ಮವ್ವ". ಮದುಮಗಳು ದೇವದುರ್ಗದಾಗ ಗಂಡನ ಮನ್ಯಾಗ ಸುಖವಾಗಿದಾಳ. ನಮ್ಮ ಓಣಿ ಮೋರಿ ಮತ್ತ ಬಿದ್ದದ.

ನನ್ನ ನಾದಿನಿ? ಪ್ರತಿ ಶುಕ್ರವಾರ ಮಾನ್ವಿ ಬಸ್ಸಿಗೆ ಬಂದು ನನ್ನ ಬುಟ್ಟಿ ಮುಂದ ತಲಿ ಬಗ್ಗಿಸಿ ಕೂಡ್ತಾಳ.

"ಯಾರದೋ ಮದುವಿ ಅದ. ಅಳತಿ ತಗೊಂಡು ಬಿಡು."

"ಯಾರದಕ್ಕಾ?"

"ಅದು ಆಮ್ಯಾಲೆ ಗೊತ್ತಾಗ್ತದ. ನೀ ಇಡು."