ಮಾವನ ಮಗ್ಗ, ನನ್ನ ಕ್ಯಾಮೆರಾ

ಬೇರೆಯವರು ಕ್ಯಾಮೆರಾ ಎತ್ತಿಕೊಂಡರೆ ವಿಡಿಯೋ ಬರುತ್ತದೆ, ನಾನು ಎತ್ತಿಕೊಂಡರೆ ಏನಾದರೊಂದು ಎಡವಟ್ಟು ಬರುತ್ತದೆ. ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಚೆಕ್ಕಿಂಗ್ ಮಾಡುವವನು. ಪ್ರತಿ ಬಿಡಿಭಾಗವನ್ನೂ ಎರಡೆರಡು ಸಲ ನೋಡಿ ನೋಡಿ ಆ ಚಾಳಿ ಮನೆಗೂ ಬಂದುಬಿಟ್ಟಿದೆ. ಬೀಗ ಹಾಕಿ ಎಳೆದು ನೋಡುತ್ತೇನೆ, ಗೇಟಿನ ತನಕ ಹೋದವನು ವಾಪಸ್ ಬಂದು ಇನ್ನೊಮ್ಮೆ ಎಳೆಯುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಹೆಂಡತಿ ಹೇಳುವುದನ್ನೇ ಬಿಟ್ಟಿದ್ದಾಳೆ.

ವಿಡಿಯೋ ಹುಚ್ಚು ಮೊದಲಿಂದಲೂ ಇತ್ತು, ಫೋನಿನಲ್ಲೇ ತೀರಿಸಿಕೊಳ್ಳುತ್ತಿದ್ದೆ. ಕ್ಯಾಮೆರಾಗೆ ಕಾರಣವಾದವರು ದೊಡ್ಡಬಳ್ಳಾಪುರದಲ್ಲಿರುವ ನನ್ನ ಮಾವ. ಮಂಡಿ ನೋವಿಗೆ ಸೋತು, ನಲವತ್ತು ವರ್ಷ ಓಡಿಸಿದ ಮಗ್ಗವನ್ನು ಕೊಟ್ಟುಬಿಡಲು ತೀರ್ಮಾನಿಸಿದ್ದರು. ಮಗ್ಗಕ್ಕೆ ಬಿಗಿದಿದ್ದ ಕೊನೆಯ ನೂಲು ಮುಗಿದ ದಿನ ಅದು ನಿಲ್ಲುತ್ತದೆ, ಮತ್ತೆ ಓಡುವುದಿಲ್ಲ.

"ಅವತ್ತು ಅದು ಓಡೋದನ್ನ ಒಂದ್ಸಲ ಹಿಡಿದಿಡಿ ಅಳಿಯಂದ್ರೇ. ಆಮೇಲೆ ಬೇಕು ಅಂದ್ರೂ ಸಿಗಲ್ಲ" ಅಂದರು.

ಹೂಂ ಅಂದುಬಿಟ್ಟೆ. ಅವತ್ತಿನಿಂದ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ

ಜೇಬಿನಲ್ಲಿ ಹಿಡಿಯುವಂಥ ಕ್ಯಾಮೆರಾ ಬೇಕು, ಮಗ್ಗದ ಮನೆಯ ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಕಾಣಬೇಕು, ಮೈಕ್ ಸಿಗಿಸಲು ಜಾಗ ಇರಬೇಕು. ಇಷ್ಟೇ ನನ್ನ ಬೇಡಿಕೆ. ಒಂದೂವರೆ ತಿಂಗಳು ಯೂಟ್ಯೂಬಿನಲ್ಲಿ ಹುಡುಕಿದೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಹತ್ತು ನಿಮಿಷಕ್ಕೆ ಬಿಸಿಯಾಗಿ ಆಫ್ ಆಗುತ್ತದೆ ಅನ್ನುತ್ತಿದ್ದ. ಅವನು ಹೊಗಳಿದ್ದಕ್ಕೆ ಮೈಕೇ ಸಿಗುತ್ತಿರಲಿಲ್ಲ. ನನ್ನನ್ನು ನೋಡೋಕೆ ಬಂದವರು ಉಪ್ಪಿಟ್ಟು ತಿಂದು ಕೈ ತೊಳೆಯುವುದರೊಳಗೆ ಒಪ್ಪಿಕೊಂಡಿರಿ, ಇದಕ್ಕೆ ಇಷ್ಟು ದಿನವಾ ಅಂತ ಹೆಂಡತಿ ಕೇಳಿದಳು. ನಾನು ಉತ್ತರ ಹೇಳಿದ್ದರೆ ಮನೆಯಲ್ಲಿ ಇನ್ನೂ ದೊಡ್ಡ ವಿಷಯವಾಗುತ್ತಿತ್ತು.

ಕೊನೆಗೆ ಅಂಗಡಿಗೆ ಹೋದೆ. ಒಂದೇ ಮಾದರಿಯ ಮೂರು ಡಬ್ಬಿ ತೆಗೆಸಿ, ಕಾರ್ಖಾನೆಯಲ್ಲಿ ಬಳಸುವ ಭೂತಗನ್ನಡಿ ಹಿಡಿದು ಲೆನ್ಸ್ ನೋಡಿದೆ, ಮುಚ್ಚಳ ತೆಗೆದು ಹಾಕಿ ನೋಡಿದೆ, ಮತ್ತೆ ಮೊದಲನೆಯದಕ್ಕೆ ಬಂದೆ. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ಬೇರೆ ಅಂಗಡಿಗೆ ಹೋದರು.

ಅಂಗಡಿಯವನು ಕೈಕಟ್ಟಿ ನಿಂತು, "ಸಾರ್, ನೀವು ತಗೊಳ್ಳೋಕೆ ಬಂದಿದ್ದೀರೋ, ನಮ್ಮನ್ನ ರಿಜೆಕ್ಟ್ ಮಾಡೋಕೋ?" ಅಂದ.

ಮೂರು ಕಾಲಿನ ಭಯ

ಮಗ್ಗದ ಮುಂದೆ ತಪ್ಪಾಗಬಾರದು ಅಂತ ಮೊದಲು ಬಯಲಿನಲ್ಲಿ ಅಭ್ಯಾಸ ಮಾಡಿಕೊಳ್ಳಲು ಹೊರಟೆ. ನಮ್ಮ ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ ಒಂದು ಬಾವಿಯ ಮೇಲೆ ಗೀಜಗನ ಗೂಡುಗಳು ತೂಗುತ್ತಿದ್ದವು. ರಾಗಿ ಹೊಲದ ಬದುವಿನ ಮೇಲೆ ಟ್ರೈಪಾಡಿನ ಮೂರು ಕಾಲು ಊರಿ, ಗಾಳಿಗೆ ಬೀಳದಿರಲೆಂದು ಒಂದೊಂದು ಕಾಲಿಗೂ ಇಟ್ಟಿಗೆ ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡುತ್ತಾ ನಿಂತೆ. ಕೈಗಾರಿಕೆಗೆ ಜಮೀನು ಹೋಗುತ್ತದೆಂದು ಜನ ವರ್ಷಗಟ್ಟಲೆ ಹೋರಾಡಿದ ಊರು ಅದು, ಅಲ್ಲಿ ಹಾಗೆ ನಿಲ್ಲಬಾರದು ಅನ್ನುವ ಬುದ್ಧಿ ನನಗೆ ಹೊಳೆಯಲಿಲ್ಲ. ಹತ್ತು ನಿಮಿಷದಲ್ಲಿ ಎಂಟು ಜನ ಸುತ್ತುವರಿದರು. ಯಾವ ಇಲಾಖೆ, ಯಾರು ಅಳತೆಗೆ ಕಳಿಸಿದ್ದು ಅಂತ ಒಬ್ಬೊಬ್ಬರೂ ಕೇಳಿದರು.

ಹಕ್ಕಿ ಅಂದೆ. ಯಾರೂ ನಂಬಲಿಲ್ಲ. ಗಾಬರಿಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ ತೋರಿಸಲು ಹೋಗಿ ಬೀಗದ ಕೈ ತೋರಿಸಿದೆ. ಕೇಳದಿದ್ದರೂ ಹೆಂಡತಿಯ ಊರು, ಮಾವನ ಮಂಡಿ ನೋವು ಎಲ್ಲ ಒದರಿದೆ. ಕೊನೆಗೆ ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಬದುವಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಡಿಸಿದರು.

"ಬಿಡ್ರಲಾ, ಇವ್ರು ಸರ್ವೆಯವರಲ್ಲ" ಅಂದರು ಉಳಿದವರಿಗೆ. "ಸರ್ವೆಯವರು ಇಷ್ಟು ಹೆದರಲ್ಲ."

ಬೆಕ್ಕಿಗೆ ಕೆಲಸ

ಮೈಕಿಗೆ ಗಾಳಿಯ ಸದ್ದು ತಾಗದಿರಲು ತುಪ್ಪಟದ ಕವಚ ಹಾಕಬೇಕಂತೆ. ಹಳೆಯ ಟೆಡ್ಡಿ ಬೊಂಬೆಯ ಕಿವಿ ಕತ್ತರಿಸಿ ನಾನೇ ಹೊಲಿದೆ. ಅದನ್ನು ಪರೀಕ್ಷಿಸಲು ಮಗ್ಗದ ಮನೆಗೆ ಹೋಗಿ, ಮೈಕನ್ನು ನೆಲದ ಮೇಲಿಟ್ಟು ಕ್ಯಾಮೆರಾ ತೆಗೆಯುವಷ್ಟರಲ್ಲಿ ಮಾವನ ಬೆಕ್ಕು ಅದನ್ನು ಕಚ್ಚಿಕೊಂಡು ಅಟ್ಟ ಹತ್ತಿತು. ನಾನು ಏಣಿ ಹುಡುಕುತ್ತಾ ಓಡಾಡಿದೆ. ಮಾವ ಮಾತ್ರ ಬೆಕ್ಕನ್ನೇ ಹೆಮ್ಮೆಯಿಂದ ನೋಡುತ್ತಿದ್ದರು. ಇಲಿ ನೂಲು ಕಡಿಯುತ್ತದೆ ಅಂತ ಏಳು ವರ್ಷದಿಂದ ಸಾಕಿದ್ದೀನಿ, ಇವತ್ತೇ ಅದು ಮೊದಲ ಸಲ ಏನನ್ನಾದರೂ ಹಿಡಿದದ್ದು ಅಂದರು.

ತೊಲೆಗೆ ಕಟ್ಟಿದ ಜೋಲಿ

ಆ ದಿನ ಬಂದೇಬಿಟ್ಟಿತು. ಹೆಂಡತಿಯೂ ನನ್ನ ಜೊತೆ ಮಗ್ಗದ ಮನೆಗೆ ಬಂದಳು. ಮಗ್ಗದಲ್ಲಿ ಉಳಿದಿದ್ದು ಅರ್ಧ ಗಂಟೆಯ ನೂಲು. ಮರುದಿನ ಬೆಳಿಗ್ಗೆ ಮಗ್ಗ ಒಯ್ಯಲು ಲಾರಿ ಬರುವುದಿತ್ತು.

ಮಾವ ಪರೀಕ್ಷೆಗೆಂದು ಒಂದು ಕ್ಷಣ ಮೋಟಾರ್ ಹಾಕಿದರು. ಇಡೀ ನೆಲ ಅದುರಿ, ನನ್ನ ಟ್ರೈಪಾಡ್ ಇಟ್ಟಿಗೆ ಸಮೇತ ಬಾಗಿಲ ಕಡೆಗೆ ಹೊರಟಿತು. ಕೆಳಗೆ ಗೋಣಿಚೀಲ ಹಾಸಿದೆ, ದಿಂಬು ಇಟ್ಟೆ, ಏನೂ ಪ್ರಯೋಜನವಾಗಲಿಲ್ಲ. ನನಗೆ ಅಳುವೊಂದು ಬಾಕಿ. ಮಾವ ಸೀರೆಯ ಅಂಚಿನ ಪಟ್ಟಿಗಳನ್ನು ತಂದು, ತೊಲೆಯ ಕೊಂಡಿಗೆ ಬಿಗಿದು, ಮಗುವಿಗೆ ಕಟ್ಟುವಂಥ ಸಣ್ಣ ಜೋಲಿ ಕಟ್ಟಿದರು. ಅದರಲ್ಲಿ ಮಲಗಿಸಿದ ಕ್ಯಾಮೆರಾ ಅಲ್ಲಾಡಲೇ ಇಲ್ಲ. ಮೂತಿ ಮಗ್ಗದ ಕಡೆಗಿತ್ತು, ಹಿಂದಿನ ಪರದೆ ಬಟ್ಟೆಯೊಳಗೆ ಮುಚ್ಚಿಹೋಗಿತ್ತು. ರೆಕಾರ್ಡ್ ಆಗುವಾಗ ಹತ್ತುವ ಕೆಂಪು ದೀಪ ಮಗ್ಗದ ಮೇಲೆ ಮಿನುಗದಿರಲೆಂದು ಅದಕ್ಕೆ ನಾನೇ ಟೇಪ್ ಅಂಟಿಸಿದ್ದೆ.

ಮಗ್ಗ ಓಡಲು ಶುರುವಾಯಿತು. ಬಟನ್ ಒತ್ತಿದೆ. ಆ ಸದ್ದಿನಲ್ಲಿ ಬೀಪ್ ಕೇಳಿಸಲಿಲ್ಲ. ಖಾತ್ರಿಗೆ ಇನ್ನೊಮ್ಮೆ ಒತ್ತಿದೆ.

ನೂಲು ಮುಗಿಯಿತು, ಮಾವ ಮೋಟಾರ್ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಬಟನ್ ಒತ್ತಿದಾಗ ಬೀಪ್ ಚೆನ್ನಾಗಿ ಕೇಳಿಸಿತು. ಸದ್ಯ, ಎಲ್ಲ ಸರಿಯಾಯಿತು ಅಂತ ಟೀ ತರಲು ಹೋದೆ.

ಫ್ಲಾಸ್ಕ್ ಹಿಡಿದು ಬಂದರೆ ಮಾವ ಕತ್ತಿನ ಗುಂಡಿ ಹಾಕಿಕೊಂಡು ಮಗ್ಗದ ಪಕ್ಕ ನೆಟ್ಟಗೆ ನಿಂತಿದ್ದಾರೆ. ಹೆಂಡತಿ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತಿದ್ದಾಳೆ. ನಾನು ಕ್ಯಾಮೆರಾ ಹತ್ತಿರ ಹೋದರೆ ಇಬ್ಬರೂ ಒಟ್ಟಿಗೆ ಬೇಡ ಅಂದರು. ಬನ್ ಬೇಕು, ಹೋಗಿ ತನ್ನಿ ಅಂದರು. ತಂದೆ. ಖಾರಾ ಬೇಕು ಅಂದರು. ನಾನು ಏನೋ ದೊಡ್ಡ ತಪ್ಪು ಮಾಡಿದ್ದೇನೆ ಅನ್ನಿಸಿ ಅದಕ್ಕೂ ಓಡಿದೆ. ಖಾರಾ ತಂದಿಟ್ಟು, ಇನ್ನು ತಡೆಯಲಾಗದೆ ಕೈಚಾಚಿ ನಾನು ಕ್ಯಾಮೆರಾ ಬಿಚ್ಚಿದ್ದೇ ತಡ, ಹೆಂಡತಿ ಅದನ್ನು ಕಸಿದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಮನೆಯಲ್ಲಿ ಎಲ್ಲರೂ ಸೇರಿ ನೋಡೋಣ ಅಂದಳು.

ಟಿವಿಯಲ್ಲಿ ಕಂಡದ್ದು

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಟಿವಿಗೆ ಜೋಡಿಸಿದೆವು. ಮಾವ ನನ್ನ ಪಕ್ಕ ಕೂತರು. ಮೊದಲ ವಿಡಿಯೋ ಎರಡು ಸೆಕೆಂಡ್ ಇತ್ತು. ಮಗ್ಗ ಒಮ್ಮೆ ಖಟ್ ಅಂತು, ಮುಗಿಯಿತು. ನನ್ನ ಜೀವ ಬಾಯಿಗೆ ಬಂತು. ಲಾರಿ ಬಂದು ಮಗ್ಗ ಹೋಗಿ ಎರಡು ದಿನವಾಗಿತ್ತು.

ಎರಡನೆಯದರಲ್ಲಿ ನಿಂತ ಮಗ್ಗ, ಬೆಂಚಿನ ಮೇಲೆ ಅಪ್ಪ ಮಗಳು. ನಾನು ಟೀಗೆ ಹೊರಟ ಬೆನ್ನು.

"ನಿನ್ ಗಂಡ ಮೊದ್ಲು ಬಟನ್ ಎಷ್ಟು ಸಲ ಒತ್ತಿದ್ರಮ್ಮಾ?" ಅಂತ ಟಿವಿಯೊಳಗಿನ ಮಾವ ಕೇಳಿದರು.

"ಎರಡು ಸಲ. ಅವರು ಏನ್ ಮಾಡಿದ್ರೂ ಎರಡು ಸಲಾನೇ."

"ಟಿವಿ ಬಟನ್ ಒಂದ್ಸಲ ಒತ್ತಿದ್ರೆ ಹತ್ಕೊಳ್ತದೆ, ಇನ್ನೊಂದ್ಸಲ ಒತ್ತಿದ್ರೆ ಆರ್ತದೆ. ಇದೂ ಹಂಗೇ ಇರ್ಬೇಕಲ್ವಾ?"

"ಹಂಗಾದ್ರೆ ಈಗ ಒತ್ತಿದ್ದು?" ಅಂದಳು ಹೆಂಡತಿ.

ಇಬ್ಬರೂ ನಿಧಾನವಾಗಿ ತಿರುಗಿ ನೇರವಾಗಿ ನಮ್ಮನ್ನೇ ನೋಡಿದರು. ಮಾವ ಕತ್ತಿನ ಗುಂಡಿ ಹಾಕಿಕೊಂಡರು. ನನ್ನನ್ನು ಕರೆಯಲು ಎದ್ದ ಮಗಳ ಕೈ ಹಿಡಿದು ಕೂರಿಸಿದರು.

"ಕರೀಬೇಡ. ಗೊತ್ತಾದ್ರೆ ಆಫ್ ಮಾಡಿ ಆನ್ ಮಾಡಿ ನೋಡ್ತಾರೆ. ಇರೋದೂ ಹೋಗ್ತದೆ."

ಆಮೇಲೆ ಮಾವ ಎದ್ದು ಮಗ್ಗದ ಪಕ್ಕ ನಿಂತರು. ನೂಲಿಲ್ಲದ ಮಗ್ಗದಲ್ಲಿ ಲಾಳಿಯನ್ನು ಕೈಯಲ್ಲೇ ಆ ಕಡೆಯಿಂದ ಈ ಕಡೆಗೆ ಓಡಿಸುತ್ತಾ, ಮೋಟಾರಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದರು. ಖಟಾಖಟ್, ಖಟಾಖಟ್ ಅನ್ನುತ್ತಾ ಉಸಿರು ಸಿಕ್ಕಿಕೊಂಡರೂ ಬಿಡಲಿಲ್ಲ. ಇದೇ ಕೊಂಡಿಗೆ ಇವಳ ಜೋಲಿ ಕಟ್ಟಿದ್ದೆ, ಮಗ್ಗ ನಿಂತರೆ ಎದ್ದು ಅಳುತ್ತಿದ್ದಳು, ಅದಕ್ಕೇ ಹಬ್ಬದ ದಿನವೂ ಓಡಿಸಿದ್ದೀನಿ ಅಂದರು. ನಾನು ನಗುತ್ತಲೇ ಟಿವಿಯ ಸದ್ದು ಹೆಚ್ಚಿಸಿದೆ. ಅರ್ಧ ಗಂಟೆ ಓಡುವ ಮಗ್ಗ ಸಿಕ್ಕಿದ್ದರೂ ಇದು ಸಿಗುತ್ತಿರಲಿಲ್ಲ.

ಟಿವಿಯೊಳಗೆ ನಾನು ಟೀ ತಂದೆ, ಬನ್ ತಂದೆ, ಖಾರಾ ತಂದೆ. ಮಾವ ಮಗ್ಗಕ್ಕೆ ಕೈಮುಗಿದು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ, ರೆಕಾರ್ಡಿಂಗ್ ನಿಂತಿದೆಯೋ ಇಲ್ಲವೋ ನೋಡಿಬಿಡೋಣ ಅಂತ ಬಟನ್ನಿಗೆ ಚಾಚಿದ ನನ್ನ ಕೈ ಪರದೆಯ ಒಂದು ಮೂಲೆಯಿಂದ ದೊಡ್ಡದಾಗುತ್ತಾ ಬಂತು.

ಪಕ್ಕದಲ್ಲಿ ಕೂತಿದ್ದ ಮಾವ ತಟ್ಟನೆ ನನ್ನ ನಿಜವಾದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.