ಅಂಬಾಸಿಡರಿಗೆ ಜೀಪಿನ ಆಕ್ಸಲ್

ಮನುಷ್ಯ ಮುಂದೆ ಸಾಗುವುದು ತನ್ನ ಹಿಂದೆ ನಿಂತವರ ಬಲದಿಂದ. ಮುಖ್ಯೋಪಾಧ್ಯಾಯನಾಗಿದ್ದಾಗ ಈ ಮಾತನ್ನು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ ಗಂಭೀರವಾಗಿ ಹೇಳಿದ್ದೇನೆ. ಕಾರಿನ ವಿಷಯದಲ್ಲೂ ಇದು ನಿಜ. ತಳ್ಳುವುದು ಹಿಂದಿನ ಚಕ್ರಗಳೇ. ಯಾವ ಕಡೆಗೆ ತಳ್ಳುತ್ತವೆ ಎಂದು ಒಮ್ಮೆ ನೋಡಿಕೊಳ್ಳಬೇಕು, ಅಷ್ಟೇ. ನಾನು ನೋಡಿಕೊಳ್ಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಾರು ನನ್ನ ಮಾವನವರದು. ಹಳೆಯ ಬಿಳಿ ಅಂಬಾಸಿಡರ್. ಅವರು ಹೋದ ಮೇಲೆ ಮುಳಬಾಗಿಲಿನ ನಮ್ಮ ಮನೆಯ ಅಂಗಳದಲ್ಲಿತ್ತು. ನನ್ನ ಹೆಂಡತಿ ಸರೋಜ ಶುಕ್ರವಾರ ಬಂದರೆ ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ನನಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಷಷ್ಟ್ಯಬ್ದಿಯ ದಿನ ಮಾತ್ರ. ಹಿಂದಿನ ಆಕ್ಸಲ್ ಸವೆದು ಕಾರು ಕದಲದಂತಾದಾಗ ಅವಳ ತಮ್ಮ ನಾರಾಯಣಸ್ವಾಮಿ ಬಂದು, ಟಯರಿಗೆ ಒದ್ದು ನೋಡಿ, ತೀರ್ಪು ಕೊಟ್ಟ. ಕಾರಿನಲ್ಲಿ ಅವನಿಗೂ ಪಾಲಿತ್ತು. ಒದೆಯುವ ಹಕ್ಕೂ ಇತ್ತು ಎಂದುಕೊಳ್ಳೋಣ.

"ಭಾವ, ಇದು ಕಾರಲ್ಲ, ಕೋಳಿಗೂಡು. ಗುಜರಿಗೆ ಹಾಕಿ, ಜಾಗ ಆದ್ರೂ ಖಾಲಿ ಆಗುತ್ತೆ."

"ಅಪ್ಪನ ಕಾರು ಕಣೋ ಅದು," ಎಂದಳು ಸರೋಜ.

"ಹಂಗಾದ್ರೆ ಮದುವೆ ದಿನ ನನ್ನ ಮಗಳನ್ನ ಇದರಲ್ಲೇ ಛತ್ರಕ್ಕೆ ಕರ್ಕೊಂಬನ್ನಿ. ಬಂದ್ರೆ ಕಾರು ನಿಂದೇ ಅಕ್ಕ. ಇಲ್ಲಾಂದ್ರೆ ಗುಜರಿ. ಮಾತು ಮುಗೀತು."

ಸರೋಜ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನಂಬಿಕೆಯಿತ್ತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈಯುರಿಯುತ್ತದೆ.

ಅಂಬಾಸಿಡರಿನ ಆಕ್ಸಲ್ ಎಲ್ಲೂ ಸಿಗಲಿಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕ್ ರಾಜಣ್ಣ ಶ್ರೀನಿವಾಸಪುರದ ಯಾವುದೋ ಮಾವಿನ ತೋಪಿನಲ್ಲಿ ಬಿದ್ದಿದ್ದ ಹಳೆಯ ಜೀಪಿನದನ್ನು ಹೊತ್ತು ತಂದ.

"ಅಗಲ ಸರಿಹೋಗುತ್ತಾ ರಾಜಣ್ಣ?"

"ವೆಲ್ಡಿಂಗ್ ಇರೋದು ಯಾತಕ್ಕೆ ಸಾರ್? ಮೀರು ಊರ್ಕೆ ಉಂಡಂಡಿ," ಎಂದು ತೆಲುಗಿನಲ್ಲಿ ನನ್ನ ಬಾಯಿ ಮುಚ್ಚಿಸಿದ.

ಮುಚ್ಚಿಕೊಂಡೇ ಇದ್ದಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಆಕ್ಸಲಿನಲ್ಲಿ ಗಡಿಗೆಯಂಥ ಒಂದು ಗೇರು ಡಬ್ಬಿ ಇರುತ್ತದೆ. ಈ ಜೀಪಿನದರಲ್ಲಿ ಅದು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿತ್ತು. ಕೂರಿಸಹೋದರೆ ಸೈಲೆನ್ಸರ್ ಪೈಪಿಗೆ ತಗುಲಿತು. ರಾಜಣ್ಣ ತಲೆ ಕೆರೆದುಕೊಂಡ. ಜೀವಮಾನವೆಲ್ಲ ರೇಖಾಗಣಿತ ಪಾಠ ಮಾಡಿದ ನನ್ನ ಮೆದುಳು ದುರದೃಷ್ಟವಶಾತ್ ಆಗಲೇ ಎಚ್ಚೆತ್ತಿತು.

"ಆಕ್ಸಲನ್ನೇ ತಲೆಕೆಳಗು ಮಾಡಿ ಕೂರಿಸಯ್ಯ. ಡಬ್ಬಿ ಆ ಪಕ್ಕಕ್ಕೆ ಹೋಗುತ್ತೆ."

ರಾಜಣ್ಣ ನನ್ನನ್ನು ಹೊಸದಾಗಿ ನೋಡಿದ. "ತಲೆ ಅಂದ್ರೆ ಇದು ಸಾರ್. ಮೇಷ್ಟ್ರಾಗಿ ವೇಸ್ಟ್ ಆಗೋದ್ರಿ."

ಜಾಕಿಯ ಮೇಲೆ ಎತ್ತಿ ಗೇರು ಹಾಕಿದಾಗ ಚಕ್ರಗಳು ಗಾಳಿಯಲ್ಲಿ ಗಿರಗಿರನೆ ತಿರುಗಿದವು. ನಾವಿಬ್ಬರೂ ಕೈಕುಲುಕಿದೆವು. ಎತ್ತ ತಿರುಗುತ್ತಿವೆ ಎಂದು ಇಬ್ಬರೂ ನೋಡಲಿಲ್ಲ. ರಸ್ತೆಗೆ ಇಳಿಸಿ ನೋಡೋಣವೆಂದರೆ ಸರೋಜ ಅಡ್ಡ ನಿಂತಳು.

"ಪೂಜೆ ಆಗ್ದೆ, ನಿಂಬೆಹಣ್ಣು ತುಳೀದೆ ಗಾಡಿ ಕದಲಿಸಬಾರದು ಕಣ್ರೀ. ಮದುವೆ ದಿನ ಬೆಳಗ್ಗೆ ಒಳ್ಳೆ ಟೈಮಿದೆ."

ಆ ಒಳ್ಳೆಯ ಟೈಮು ಬಂತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟರು. ಕರ್ಪೂರ ಬೆಳಗಿದರು. ನಾನು ಧ್ವಜವಂದನೆಯ ಗಾಂಭೀರ್ಯದಿಂದ ಮೊದಲನೇ ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಹಿಂದಕ್ಕೆ ಹಾರಿ ಒಗೆಯುವ ಕಲ್ಲಿಗೆ ಗುದ್ದಿತು. ನಿಂಬೆಹಣ್ಣುಗಳು ಎದುರಿಗೆ ಕ್ಷೇಮವಾಗಿ ಹೊಳೆಯುತ್ತಿದ್ದವು.

"ಗೇರ್ ಸರಿಯಾಗಿ ಹಾಕ್ರೀ."

ಎರಡನೆಯದು ಹಾಕಿದೆ. ಕಲ್ಲು ಉರುಳಿತು.

ರಾಜಣ್ಣ ಬಗ್ಗಿ ನೋಡಿ ಎದ್ದ. "ತಲೆಕೆಳಗು ಹಾಕಿದ್ವಲ್ಲ ಸಾರ್, ಓಟ ಎಲ್ಲಾ ಉಲ್ಟಾ ಆಗೈತೆ. ಈಗ ನಾಲ್ಕು ಗೇರ್ ಹಿಂದಕ್ಕೆ, ಒಂದು ಮುಂದಕ್ಕೆ."

"ಯಾವ ಒಂದು?"

"ರಿವರ್ಸು."

"ಮೆಕ್ಯಾನಿಕ್ ಏನ್ಲಾ ನೀನು?"

"ಐಡಿಯಾ ಯಾರ್ದು ಸಾರ್?"

ಕೋಪಕ್ಕೆ ಉತ್ತರ ಸಿಗದಿದ್ದರೆ ಅದು ಇಮ್ಮಡಿಯಾಗುತ್ತದೆ. ಆದರೆ ಮುಹೂರ್ತ ಕಾಯುವುದಿಲ್ಲ. ರಿವರ್ಸ್ ಗೇರಿನಲ್ಲೇ ಮುಂದಕ್ಕೆ ಹೊರಟೆ. ಆಗ ಇನ್ನೊಂದು ಸಂಗತಿ ಬಯಲಾಯಿತು. ಮಾವನವರು ಹಾಕಿಸಿದ್ದ ರಿವರ್ಸ್ ಹಾರ್ನಿಗೆ ಇನ್ನೂ ಜೀವವಿತ್ತು. ಅದರೊಳಗೊಬ್ಬ ಹೆಂಗಸು "ಗಮನಿಸಿ, ಈ ವಾಹನ ಹಿಂದಕ್ಕೆ ಬರುತ್ತಿದೆ" ಎಂದು ಇಂಗ್ಲಿಷಿನಲ್ಲಿ ಬಿಡದೆ ಸಾರುತ್ತಿದ್ದಳು. ನಮ್ಮ ಹಿಂದಿದ್ದವರು ದಡಬಡಿಸಿ ಬ್ರೇಕ್ ಹಾಕಿದರು. ಮುಂದಿದ್ದವರು ನಿಶ್ಚಿಂತೆಯಿಂದ ರಸ್ತೆ ನಡುವೆ ನಿಂತರು. ಎಮ್ಮೆಗಳೂ ನಮ್ಮನ್ನು ಹಿಂದೆ ಹಾಕಿದವು.

"ಅಪ್ಪ ಇದ್ದಿದ್ರೆ..." ಎಂದಳು ಸರೋಜ.

"ಅವರು ಇದ್ದಿದ್ರೆ ಅವರೇ ಓಡಿಸೋರು. ಸುಮ್ನಿರು."

ಅಂತೂ ನಾರಾಯಣಸ್ವಾಮಿಯ ಮನೆ ಮುಟ್ಟಿದೆವು. ಮದುಮಗಳು ನಗುನಗುತ್ತಾ ಹತ್ತಿ ಕುಳಿತಳು. ಛತ್ರವೂ ಬಂತು. ಬಾಗಿಲಲ್ಲಿ ಬಾಳೆಕಂಬ, ಹೂವಿನ ಕಮಾನು, ಅದರ ಮೇಲೆ ವಧೂವರರ ಹೆಸರಿನ ಬೋರ್ಡು. ಸರೋಜಳ ಕಣ್ಣಲ್ಲಿ ನೀರು. ಅಷ್ಟು ಹೊತ್ತಿನ ನನ್ನ ಸಿಟ್ಟೆಲ್ಲ ಕರಗಿ, ಇಂಜಿನಿಯರಿಂಗ್ ಓದದೆ ತಪ್ಪು ಮಾಡಿದೆ ಅನ್ನಿಸತೊಡಗಿತು.

ನಾರಾಯಣಸ್ವಾಮಿ ಕೈಮುಗಿದ. "ಗೆದ್ರಿ ಭಾವ. ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಕಮಾನಿಗೆ ತಗುಲೀತು."

ಹಿಂದಕ್ಕೆ ಎಂದರೆ ಯಾವ ಗೇರು ಎಂಬುದು ನನ್ನ ಕೈಗೆ ಜೀವಮಾನದಿಂದ ಗೊತ್ತು. ಕೈ ನನ್ನನ್ನು ಕೇಳಲಿಲ್ಲ. ರಿವರ್ಸ್ ಹಾಕಿತು. ಹಿಂದಕ್ಕೆ ಬರುತ್ತಿದ್ದೇನೆಂದು ಸಾರುತ್ತಾ ಕಾರು ಮುಂದಕ್ಕೆ ನುಗ್ಗಿತು. ಕಮಾನು ಬಾನೆಟ್ಟಿನ ಮೇಲೆ ಮಲಗಿತು. ಅದರ ಕಬ್ಬಿಣದ ಪೈಪು ರೇಡಿಯೇಟರಿನೊಳಗೆ ಹೋಯಿತು. ಓಲಗ ನಿಂತಿತು. ಹಾರ್ನಿನ ಹೆಂಗಸು ಮಾತ್ರ ನಿಲ್ಲಿಸಲಿಲ್ಲ.

"ಛತ್ರಕ್ಕೆ ಬಂತಲ್ಲೋ, ಮಾತು ಮಾತೇ," ಎಂದಳು ಸರೋಜ, ಹಬೆಯ ನಡುವಿನಿಂದ.

"ಬಂತಕ್ಕ. ನಿಲ್ಲಲಿಲ್ಲ."

ಮುಂದಿನ ವಾರ ಕೋಲಾರದಿಂದ ಗುಜರಿಯವರ ಲಾರಿ ಬಂತು. ಸರೋಜ ಕಾರಿಗೆ ಕುಂಕುಮ ಇಟ್ಟು, ನನ್ನ ಕಡೆ ನೋಡದೆ ಒಳಗೆ ಹೋದಳು. ಗುಜರಿಯವನು ಸುತ್ತ ಬಂದು, ಕೆಳಗೆ ಬಗ್ಗಿ ನೋಡಿ, ಇಡೀ ಕಾರಿನಲ್ಲಿ ಉಪಯೋಗಕ್ಕೆ ಬರುವುದು ಜೀಪಿನ ಆಕ್ಸಲ್ ಒಂದೇ ಎಂದ.