ಸೈರನ್ ಕೂಗಿತು, ಅತ್ತೆ ಬರಲಿಲ್ಲ

ಮಳೆಗಾಲ ಶುರುವಾಯಿತೆಂದರೆ ಬೇರೆ ಮನೆಗಳಲ್ಲಿ ಕೊಡೆ ರಿಪೇರಿ ಮಾಡಿಸುತ್ತಾರೆ. ನಮ್ಮನೆಯಲ್ಲಿ ಸಾಲಾಗಿ ನಿಂತು ಹಾಜರಿ ಹೇಳುತ್ತೇವೆ. ಇಂಥದ್ದೆಲ್ಲ ನಿಮ್ಮನೆಯಲ್ಲೇ ಯಾಕೆ ಆಗುತ್ತೆ ಅಂತ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನಮ್ಮ ಮಾವ ಇರೋದು ನಮ್ಮನೆಯಲ್ಲೇ ಅಲ್ವಾ, ಅನ್ನುವುದು ಬಿಟ್ಟರೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಸೇಫ್ಟಿ ವಿಭಾಗದಲ್ಲಿದ್ದವರು. ಆ ಕೆಲಸದ ಕಷ್ಟವೇ ಬೇರೆ. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಈ ಮನುಷ್ಯ ದಿನಾ ಬಂದು ಮಾಡೋದೇನು ಅಂತ ಜನ ಕೇಳುತ್ತಾರೆ. ನಿವೃತ್ತರಾಗಿ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಗೆ ಬಂದ ಮೇಲೆ ಒಂದು ಮಳೆಗಾಲ ಹಿಂದಿನ ಬೀದಿಯವರೆಗೆ ಹೊಳೆ ನೀರು ಬಂದು ವಾಪಸು ಹೋಯಿತು. ಬೀದಿಯವರೆಲ್ಲ ಗಾಬರಿಯಿಂದ ಹೊರಗೆ ನಿಂತಿದ್ದರೆ ಅತ್ತೆ ಒಳಗೆ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಮಾವ ಗೇಟಿನಿಂದ ಕೂಗಿದಷ್ಟು ಸಲವೂ "ಬಂದೆ ರೀ" ಅಂದರು. ಬರಲಿಲ್ಲ. ಅವತ್ತಿನಿಂದ ಮಾವನಿಗೆ ಅದೊಂದೇ ಚಿಂತೆ. ನಿಜವಾಗಿ ನೀರು ಬಂದ ದಿನ ಇವಳು ಹೊರಗೆ ಬರುತ್ತಾಳೋ ಇಲ್ಲವೋ?

ಗುಜರಿಯಿಂದ ಬಂದ ಗಂಟಲು

ಕೂಗಿದರೆ ಬರುವುದಿಲ್ಲ ಎಂದಮೇಲೆ ಸೈರನ್ ಬೇಕು ಅಂತ ಮಾವ ತೀರ್ಮಾನಿಸಿದರು. ನಮ್ಮ ಯಜಮಾನರ ಆಫೀಸು ಆಲ್ಕೊಳದಲ್ಲಿ. ಇಂಥ ಸಂದರ್ಭಗಳಲ್ಲಿ ಅವರಿಗೆ ಆಫೀಸಿನಲ್ಲಿ ತುಂಬ ಕೆಲಸವಿರುತ್ತದೆ. ಹಾಗಾಗಿ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಭದ್ರಾವತಿಯ ಗುಜರಿ ಅಂಗಡಿಗೆ ಹೋದದ್ದು ನಾನು. ಹಳೇ ಮೋಟರುಗಳ ರಾಶಿಯ ಅಡಿಯಿಂದ ಗುಜರಿಯವನು ಕೈಯಿಂದ ತಿರುಗಿಸುವ ಸೈರನ್ ಒಂದನ್ನು ಎಳೆದು ತೆಗೆದ. ಬಣ್ಣ ಹೋಗಿದೆ, ಹಿಡಿ ಸೊಟ್ಟಗಿದೆ ಅಂತ ಮಾವ ಚೌಕಾಸಿಗೆ ಇಳಿದರು. ಅವನು, "ಶಕಲ್ ನೋಡ್ಬೇಡಿ ಸಾರ್, ಆವಾಜ್ ಕೇಳಿ" ಅಂತ ಒಂದು ಸುತ್ತು ತಿರುಗಿಸಿದ. ಪಕ್ಕದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು ಹೊರಗೆ ಬಂದು ಆಕಾಶ ನೋಡಿದರು. ವ್ಯಾಪಾರ ಮುಗಿಯಿತು.

ಮನೆಯಲ್ಲಿ ನಿಯಮ ಇಷ್ಟು: ಸೈರನ್ ಕೂಗಿದರೆ ಗ್ಯಾಸ್ ಬಂದ್, ಕರೆಂಟಿನ ಮೈನ್ ಬಂದ್, ಎಲ್ಲರೂ ಎದುರುಮನೆಯ ಜಗಲಿಗೆ. ನಮ್ಮ ಗೇಟಿನ ಎಡಕ್ಕೆ ಟ್ರಾನ್ಸ್‌ಫಾರ್ಮರ್, ಬಲಕ್ಕೆ ಯಾವಾಗ ಬೇಕಾದರೂ ಕಾಯಿ ಉದುರಿಸುವ ತೆಂಗಿನಮರ. ಎದುರುಮನೆಯ ಜಗಲಿಯೋ ಅಗಲವಾಗಿದೆ, ಮೇಲೆ ಶೀಟೂ ಇದೆ. ಕಾರ್ಖಾನೆಯಲ್ಲಿ ಇದಕ್ಕೆ ಅಸೆಂಬ್ಲಿ ಪಾಯಿಂಟ್ ಅನ್ನುತ್ತಾರಂತೆ. ಅಲ್ಲಿ ನಿಂತ ಮೇಲೆ ಮಾವ ಮೂರು ಪ್ರಶ್ನೆ ಕೇಳುತ್ತಾರೆ. ಎಲ್ಲರೂ ಬಂದ್ರಾ? ಯಾರಿಗಾದ್ರೂ ಗಾಯ? ಯಾರಾದ್ರೂ ನಾಪತ್ತೆ?

ಮೊದಲ ರಿಹರ್ಸಲ್ ಒಂದು ಭಾನುವಾರ ಮಧ್ಯಾಹ್ನ. ನಾನೂ ಯಜಮಾನರೂ ಓಡಿಹೋಗಿ ಜಗಲಿಯಲ್ಲಿ ನಿಂತೆವು. ಅತ್ತೆ ಬರಲಿಲ್ಲ. ಮೂರನೇ ಪ್ರಶ್ನೆಗೆ ನಾನು, "ಅತ್ತೆ ನಾಪತ್ತೆ ಮಾವ. ಅಲ್ಲಿ ಕಿಟಕೀಲಿ ಕಾಣ್ತಾ ಇದಾರೆ" ಅಂತ ವರದಿ ಒಪ್ಪಿಸಿದೆ. ಅತ್ತೆ ಕಿಟಕಿಯಿಂದ ನಮ್ಮನ್ನೇ ನೋಡುತ್ತ ಬೀನ್ಸಿನ ನಾರು ತೆಗೆಯುತ್ತಿದ್ದರು.

ಇದರ ನಡುವೆ ಎದುರುಮನೆಯ ಅಂಕಲ್ ಕಾಣೆಯಾದರು. ಅವರೂ ಅದೇ ಕಾರ್ಖಾನೆಯವರು, ನಿವೃತ್ತರಾಗಿ ಬಹಳ ಕಾಲವಾಗಿದೆ. ಊಟ ಮಾಡಿ ಗಾಢ ನಿದ್ದೆಯಲ್ಲಿದ್ದರಂತೆ. ಸೈರನ್ ಕಿವಿಗೆ ಬಿದ್ದದ್ದೇ ತಡ, ಎದ್ದು, ತಲೆ ಬಾಚಿ, ಬೂಟು ಹಾಕಿ, ಟಿಫಿನ್ ಬಾಕ್ಸ್ ಹಿಡಿದು ಹಿತ್ತಿಲ ಬಾಗಿಲಿಂದ ಸ್ಕೂಟರ್ ಹತ್ತಿ ಭದ್ರಾವತಿ ರಸ್ತೆ ಹಿಡಿದಿದ್ದಾರೆ. ಪೆಟ್ರೋಲ್ ಬಂಕಿನ ಹತ್ತಿರ ಹೋದಾಗ ಪೂರ್ತಿ ಎಚ್ಚರವಾಯಿತಂತೆ. ನಾವು ಹುಡುಕಲು ಹೊರಡುವಷ್ಟರಲ್ಲಿ ಬಂದರು. ಸೊಪ್ಪು ತರೋಕೆ ಹೋಗಿದ್ದೆ ಅಂದರು. ಸೊಪ್ಪು ಟಿಫಿನ್ ಬಾಕ್ಸಿನಲ್ಲಿತ್ತು.

ಮೂರೆಳೆ ವಿಭೂತಿಯ ಕೆಂಪು ಸಿಲಿಂಡರ್

ಅಡುಗೆಮನೆ ಬಾಗಿಲ ಪಕ್ಕ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದೂ ಮಾವನೇ. ಪಿನ್ನು ಎಳೀಬೇಕು, ಹಿಡಿ ಒತ್ತಬೇಕು, ಬೆಂಕಿಯ ಬುಡಕ್ಕೆ ಬಿಡಬೇಕು ಅಂತ ನನಗೆ ಪಾಠವಾಗಿತ್ತು. ಅತ್ತೆಗೂ ಆಗಿತ್ತು. ಆದರೆ ಅತ್ತೆ ಅದನ್ನು ನೋಡಿದ್ದು ಬೇರೆ ಕಣ್ಣಿನಿಂದ. ಕಬ್ಬಿಣದ್ದು, ಮನೆ ಕಾಯುವಂಥದ್ದು. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಜೊತೆ ಅದಕ್ಕೂ ಮೂರೆಳೆ ವಿಭೂತಿ, ಕುಂಕುಮ, ಹಿಡಿಗೆ ಒಂದು ಅರಿಶಿನದ ದಾರ. ಹಳೇ ದಾರ ಬಿಚ್ಚಬಾರದು ಅಂತ ಪ್ರತಿ ವರ್ಷ ಅದರ ಮೇಲೇ ಇನ್ನೊಂದು.

ಒಂದು ಸಂಜೆ ನಾನು ಬೋಂಡಕ್ಕೆ ಎಣ್ಣೆ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಂತಿದ್ದೆ. ಬಾಣಲೆಗೆ ಬೆಂಕಿ ಹತ್ತಿತು. ಓಡಿಹೋಗಿ ಸಿಲಿಂಡರ್ ಇಳಿಸಿದೆ. ಪಿನ್ನು ಕಾಣಲಿಲ್ಲ. ದಾರದ ಉಂಡೆಯೊಳಗೆ ಎಲ್ಲೋ ಇತ್ತು. ಕುಂಕುಮ, ಅಕ್ಕಿಕಾಳು, ಒಣಗಿದ ಸೇವಂತಿಗೆ ಎಸಳು ಎಲ್ಲ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ನಾನು ಕತ್ತರಿ ಎಲ್ಲಿ, ಕತ್ತರಿ ಎಲ್ಲಿ ಅಂತ ಒದ್ದಾಡುತ್ತಿದ್ದರೆ ಅತ್ತೆ ದೇವರಮನೆಯಿಂದ ಬಂದು ಗ್ಯಾಸ್ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿ, ಫೋನಿನಲ್ಲಿ ಯಾರೇ ಅಂತ ಕೇಳಿದರು.

ಮಾವ ಬಂದು ಆ ದಾರದ ಉಂಡೆ ನೋಡಿ ತಲೆಯ ಮೇಲೆ ಕೈಹೊತ್ತರು. ಸಲಕರಣೆಗೆ ಪೂಜೆ ಮಾಡಿ ಮಾಡಿ ಅದನ್ನ ಉಪಯೋಗಿಸೋಕೇ ಬಾರದ ಹಾಗೆ ಮಾಡಿದ್ದೀಯಲ್ಲ ಅಂತ ಕೂಗಾಡಿದರು. ಅತ್ತೆ ಶಾಂತವಾಗಿ ಹೇಳಿದರು: "ಮತ್ತೆ ಪೂಜೆ ಮಾಡೋದು ಯಾಕೆ ರೀ? ಅದನ್ನ ಉಪಯೋಗಿಸೋ ಕಾಲ ಬರದೇ ಇರಲಿ ಅಂತ ತಾನೇ?"

ಸೇಫ್ಟಿ ವಿಭಾಗ ಕತ್ತರಿ ತಂದು ದಾರ ಬಿಡಿಸಲು ಕೂತಿತು.

ತುರ್ತು ಚೀಲ

ಬಾಗಿಲ ಹಿಂದಿನ ಮೊಳೆಗೆ ತುರ್ತು ಚೀಲ. ಟಾರ್ಚು, ಹಗ್ಗ, ಸೀಟಿ, ಮೇಣದಬತ್ತಿ, ಮಾತ್ರೆ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ. ಮಾವ ಅತ್ತೆಗೆ ಇಟ್ಟಿದ್ದ ನೂಲಿನ ಸೀರೆ ತೆಗೆದು ಅತ್ತೆ ಅಲ್ಲಿ ರೇಷ್ಮೆ ಸೀರೆ ಇಟ್ಟರು. ಗಂಜಿ ಕೇಂದ್ರಕ್ಕೆ ಯಾರಾದರೂ ರೇಷ್ಮೆ ಸೀರೆ ಒಯ್ತಾರಾ ಅಂತ ನಾನು ಕೇಳಿದ್ದಕ್ಕೆ, "ಅಲ್ಲಿಗೇ ಕಣೇ ಮಾರಾಯ್ತಿ ಟೀವಿಯೋರು ಬರೋದು" ಅಂದರು.

ಸ್ವಲ್ಪ ದಿನಕ್ಕೆ ಭದ್ರಾವತಿಯಲ್ಲಿ ನೆಂಟರ ಮದುವೆ. ಹೇಗೂ ಕಟ್ಟಿಟ್ಟ ಚೀಲ, ಒಳಗೆ ರೇಷ್ಮೆ ಸೀರೆ ಬೇರೆ, ಅಂತ ಅತ್ತೆ ಅದನ್ನೇ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಮಾವ ಮೊಳೆ ಖಾಲಿ ಇರುವುದು ನೋಡಿ ನನ್ನ ಹತ್ತಿರ ಮಾತು ಬಿಟ್ಟರು. ನಾನು ತಡೆಯಲಿಲ್ಲವಂತೆ.

ಮರುದಿನ ನಾವು ಛತ್ರಕ್ಕೆ ಹೋದೆವು. ಸರಿಯಾಗಿ ಮುಹೂರ್ತದ ಹೊತ್ತಿಗೆ ಕರೆಂಟು ಹೋಯಿತು. ಹೊರಗೆ ಮೋಡ ಕವಿದು ಒಳಗೆ ಕಗ್ಗತ್ತಲು. ಜನರೇಟರಿನವನು ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ಗದ್ದಲದಲ್ಲಿ ಯಾರಿಗೆ ಯಾರ ಮಾತೂ ಕೇಳುತ್ತಿಲ್ಲ. ಆಗ ಮಂಟಪದ ಪಕ್ಕದಿಂದ ಒಂದು ಸೀಟಿ ಕೇಳಿಸಿತು. ಸಭೆ ಗಪ್‌ಚಿಪ್. ಅತ್ತೆ ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಟಾರ್ಚು ಹಿಡಿದು ನಿಂತಿದ್ದರು. ಆ ಬೆಳಕಿನಲ್ಲಿ ತಾಳಿ ಕಟ್ಟಿಸಿದರು. ಹುಡುಗನ ಕಡೆಯವರು ಊಟದ ಹೊತ್ತಿಗೆ ಬಂದು, ಯಾವ ಕೇಟರಿಂಗಿನವರು ನೀವು ಅಂತ ಅತ್ತೆಯನ್ನು ವಿಚಾರಿಸಿದರಂತೆ.

ವಾಪಸು ಬರುವಾಗ ಮಾವ ಕಾರಿನಲ್ಲಿ ಗಂಭೀರವಾಗಿ ಹೇಳಿದರು, ತುರ್ತು ಚೀಲವನ್ನ ತುರ್ತು ಪರಿಸ್ಥಿತೀಲಿ ಮಾತ್ರ ತೆಗೀಬೇಕು ಅಂತ.

"ಮದುವೆ ತುರ್ತು ಪರಿಸ್ಥಿತಿ ಅಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಅಂದರು ಅತ್ತೆ.

ಕಾರಣ ಮೊಣಕಾಲಲ್ಲ

ಇಷ್ಟೆಲ್ಲ ಆದರೂ ಸೈರನ್ನಿಗೆ ಅತ್ತೆ ಒಮ್ಮೆಯೂ ಹೊರಗೆ ಬರಲಿಲ್ಲ. ಮಂಡಿನೋವು ಅನ್ನುತ್ತಿದ್ದರು. ಮಾವ ನಂಬಿ ಮೆಟ್ಟಿಲಿಗೆ ಕಂಬಿ ಹಾಕಿಸಿದರು. ಆದರೆ ಹೊಳೆಯ ನಡುವಿನ ಮಂಟಪ ಮುಳುಗಿತು ಅಂತ ಸುದ್ದಿಯಾದರೆ ಸಾಕು, ಶಿವಮೊಗ್ಗದ ಅರ್ಧ ಜನದ ಜೊತೆ ಅತ್ತೆಯೂ ನಡೆದೇ ಹೋಗಿ ನೋಡಿಕೊಂಡು, ಸುಟ್ಟ ಜೋಳ ತಿಂದು ಬರುತ್ತಿದ್ದರು. ಆಗ ಮಂಡಿ ಎಲ್ಲಿರುತ್ತೆ ಅಂತ ಒಂದು ದಿನ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ.

ಅತ್ತೆ ಒಗ್ಗರಣೆ ಸೌಟು ಕೆಳಗಿಟ್ಟರು. ವಿಷಯ ಹೊರಗೆ ಬಂತು. ಅತ್ತೆಗೆ ತವರಿನಲ್ಲಿ ಕೊಟ್ಟ ಹಿತ್ತಾಳೆ ಚಕ್ಕುಲಿ ಒರಳು ಒಂದಿತ್ತು. ಎದುರುಮನೆ ಆಂಟಿ ಒಂದು ಹಬ್ಬಕ್ಕೆ ಒಯ್ದರು, ವಾಪಸು ಕೊಡಲಿಲ್ಲ. ಕೇಳಿದರೆ ಆವಾಗಲೇ ಕೊಟ್ಟೆನಲ್ಲ ಅಂದರು. ಅತ್ತೆ ಇಲ್ಲ ಅಂದರು. ಹಾಗಾದರೆ ನಾನು ಕಳ್ಳಿಯಾ ಅಂತ ಅವರು. ನಾನು ಹಾಗೆ ಅಂದೆನಾ ಅಂತ ಇವರು. ಗಂಡಸರು ದಿನಾ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ, ಅವರಿಗೆ ಇದರ ವಾಸನೆಯೂ ಇಲ್ಲ.

"ಅವಳ ಜಗಲಿ ಹತ್ತಲ್ಲ ಅಂತ ಅವತ್ತೇ ಅಂದ್ಕೊಂಡಿದೀನಿ. ಹೊಳೆ ಬರಲಿ, ಸಮುದ್ರ ಬರಲಿ."

ನಾನು ಮಾವನಿಗೆ ತಿಳಿಸಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ, ಅಷ್ಟು ವರ್ಷದ ಸರ್ವೀಸಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ನೋಡಿ ಅಸೆಂಬ್ಲಿ ಪಾಯಿಂಟ್ ಇಟ್ಟಿದ್ದೀನಿ, ಚಕ್ಕುಲಿ ಒರಳು ಯಾವ ಕಡೆ ಹೋಗಿದೆ ಅಂತ ನೋಡಬೇಕಿತ್ತು ಅಂತ ಯಾರೂ ಹೇಳಿಕೊಡಲಿಲ್ಲ ಕಣಮ್ಮ, ಅಂದರು.

ನಿಜವಾಗಿ ನೀರು ಬಂದಾಗ

ಮೊನ್ನೆ ಮಳೆಗಾಲದಲ್ಲಿ ಬಿಡದೆ ಮಳೆ. ಒಂದು ಬೆಳಿಗ್ಗೆ ಮೈಕು ಕಟ್ಟಿದ ಆಟೋ ಬಂದು, ಡ್ಯಾಮಿನಿಂದ ಹೆಚ್ಚು ನೀರು ಬಿಡ್ತಾ ಇದಾರೆ, ತಗ್ಗಿನಲ್ಲಿರುವವರು ಹುಷಾರು ಅಂತ ಕೂಗಿಕೊಂಡು ಹೋಯಿತು. ಯಜಮಾನರು ಆಲ್ಕೊಳದಲ್ಲಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ಮಾವ ಹಳೇ ಹೆಲ್ಮೆಟ್ ಹಾಕಿ, ಚೀಲದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಸೈರನ್ ತಿರುಗಿಸಿದರು. ಗ್ಯಾಸ್ ಬಂದ್, ಮೈನ್ ಬಂದ್. ಕೊಡೆ ಹಿಡಿದು ರಸ್ತೆ ದಾಟಿ ಎದುರುಮನೆಯ ಜಗಲಿ ಹತ್ತಿ, ನಮ್ಮ ಮನೆಯ ಕಡೆ ಮುಖ ಮಾಡಿ ನಿಂತರು. ನಾನು ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತೆ. ಅತ್ತೆ ನನ್ನ ಹಿಂದೆ.

ನಡೀರಿ ಅತ್ತೆ, ಒರಳಿನ ವಿಷಯ ಆಮೇಲೆ ನೋಡೋಣ, ಅಂತ ಕೈ ಹಿಡಿದು ಬೇಡಿಕೊಂಡೆ. ಬರಲ್ಲ ಅಂದರು. ಆ ಕಡೆಯಿಂದ ಮಾವನ ಸೀಟಿ. ಕೈಸನ್ನೆ. ಮತ್ತೆ ಸೀಟಿ. ಮಳೆಯಲ್ಲಿ ಅವರ ದನಿ ಒಡೆದು ಹೋಗುತ್ತಿತ್ತು. ಒಮ್ಮೆ ಬಾರೇ, ನಿನ್ನ ಕಾಲಿಗೆ ಬೀಳ್ತೀನಿ, ಅನ್ನುವವರೆಗೂ ಹೋದರು. ನನಗೆ ನಗು ಬರಲಿಲ್ಲ ಆಗ. ಆ ಮನುಷ್ಯ ನಿಜವಾಗಿ ಹೆದರಿದ್ದರು.

ಅಷ್ಟರಲ್ಲಿ ಮಾವನ ಹಿಂದೆ, ಎದುರುಮನೆಯ ತೆರೆದ ಬಾಗಿಲಿನಿಂದ ಒಂದು ಹವಾಯಿ ಚಪ್ಪಲಿ ನಿಧಾನವಾಗಿ ತೇಲಿಕೊಂಡು ಹೊರಗೆ ಬಂತು. ಅದರ ಹಿಂದೆ ಪ್ಲಾಸ್ಟಿಕ್ ಚೆಂಬು. ಅದರ ಹಿಂದೆ ಪೊರಕೆ. ಆ ಮನೆಯ ಹಿತ್ತಿಲಿಗೆ ದೊಡ್ಡ ಚರಂಡಿ ಅಂಟಿಕೊಂಡಿದೆ. ಮಾವ ಜಗಲಿಯ ಅಗಲ ನೋಡಿದ್ದರು, ಶೀಟು ನೋಡಿದ್ದರು, ಹಿತ್ತಿಲು ನೋಡಿರಲಿಲ್ಲ.

"ರೀ," ಅಂದರು ಅತ್ತೆ, "ಸೀಟಿ ನಿಲ್ಲಿಸಿ ಹಿಂದೆ ನೋಡ್ರಿ."

ಮಾವ ತಿರುಗುವುದಕ್ಕೂ ಆಂಟಿ ಸೀರೆ ಎತ್ತಿಕಟ್ಟಿಕೊಂಡು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಆಂಟಿ ನಮ್ಮ ಬಾಗಿಲಲ್ಲಿ ಅತ್ತೆಯನ್ನು ಕಂಡು ಅಲ್ಲೇ ನಿಂತುಬಿಟ್ಟರು. ಪಾದದ ಮೇಲೆ ನೀರು ಹರಿಯುತ್ತಿದೆ, ಕಾಲು ಮುಂದೆ ಬರುತ್ತಿಲ್ಲ. ಹಟದಲ್ಲಿ ಅವರೇನು ಅತ್ತೆಗೆ ಕಡಿಮೆ ಇಲ್ಲ.

ಅತ್ತೆ ಕಂಬಿಯನ್ನೂ ಹಿಡಿಯದೆ ಮೆಟ್ಟಿಲು ಇಳಿದು ಗೇಟಿನವರೆಗೆ ಹೋದರು. "ಏನೇ ಅಲ್ಲೇ ನಿಂತೆ? ಈಜು ಕಲೀಬೇಕಾ? ಬಾ ಈ ಕಡೆ. ಸಾಮಾನೂ ತಗೊಂಡು ಬಾ."

ಆಮೇಲೆ ನಡೆದದ್ದೆಲ್ಲ ಗಡಿಬಿಡಿ. ಅಂಕಲ್, ಮಾವ, ನಾನು ಕೆಳಗಿನ ಕಪಾಟುಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಟಬ್ಬುಗಳಿಗೆ ಬಾಚಿ ತುಂಬಿ ಸಾಗಿಸಿದೆವು. ನಮ್ಮ ಮನೆ ಎತ್ತರದ್ದು. ನೀರು ರಸ್ತೆ ದಾಟಿ, ನಮ್ಮ ಗೇಟು ಮುಟ್ಟಿ, ಯೋಚನೆ ಮಾಡಿ ನಿಂತಿತು. ಹೀಗೆ ಅತ್ತೆ ಅಸೆಂಬ್ಲಿ ಪಾಯಿಂಟಿಗೆ ಹೋಗಲೇ ಇಲ್ಲ. ಅಸೆಂಬ್ಲಿ ಪಾಯಿಂಟೇ ಒದ್ದೆ ಸೀರೆಯಲ್ಲಿ ನಮ್ಮನೆಗೆ ಬಂತು. ಅತ್ತೆ ಆಂಟಿಗೆ ಉಡಲು ಚೀಲದಿಂದ ಆ ರೇಷ್ಮೆ ಸೀರೆಯನ್ನೇ ತೆಗೆದುಕೊಟ್ಟರು. ಬೇರೆ ಯಾವುದೂ ಕೈಗೆ ಸಿಗಲಿಲ್ಲ ಅಂತ ಗೊಣಗಿಕೊಂಡೇ ಕೊಟ್ಟರು.

ಬಿಸಿ ಕಾಫಿ ಕೊಟ್ಟು ನಾನು ಕೂತೆ. ಅತ್ತೆ ಟಬ್ಬಿನ ಮುಂದೆ ಕೂತು ಆಂಟಿಯ ಪಾತ್ರೆ ಒಂದೊಂದೇ ಒರೆಸಿಡುತ್ತಿದ್ದರು. ದೊಡ್ಡ ದಬರಿ ತೆಗೆದರು. ಅದರೊಳಗೆ ಚಿಕ್ಕ ದಬರಿ. ಅದರೊಳಗೆ ಹಳೇ ಬಟ್ಟೆಯ ಗಂಟು. ಬಿಚ್ಚಿದರು. ಹಿತ್ತಾಳೆ ಚಕ್ಕುಲಿ ಒರಳು. ಮೈಮೇಲೆ ಅತ್ತೆಯ ತವರಿನ ಹೆಸರು ಕೊರೆದದ್ದು ಹಾಗೇ ಇತ್ತು.

ಆಂಟಿ ಕಾಫಿ ಲೋಟ ಬಾಯಿಗಿಟ್ಟವರು ಹಾಗೇ ಉಳಿದರು. ರೇಷ್ಮೆ ಸೀರೆಯಲ್ಲಿ ಮದುವೆಮನೆಯ ಬೀಗಿತ್ತಿಯ ಹಾಗೆ ಕೂತು, ಮುಖ ಮಾತ್ರ ಬಿಳಿಚಿಕೊಂಡಿತ್ತು. ಅತ್ತೆ ಒರಳನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಒರೆಸತೊಡಗಿದರು.

ಆ ಹೊತ್ತಿಗೆ ಹೆಲ್ಮೆಟ್ಟಿನಿಂದ ನೀರು ಸುರಿಸಿಕೊಂಡು ಮಾವ ಒಳಗೆ ಬಂದರು. ಇಷ್ಟು ವರ್ಷ ಕಾದ ದಿನ ಕೊನೆಗೂ ಬಂದಿತ್ತು. ಪ್ರಶ್ನೆ ಬಿಡುವ ಪೈಕಿ ಅವರಲ್ಲ.

"ಎಲ್ಲರೂ ಬಂದ್ರಾ?"

ಬಂದರು ಅಂದೆ.

"ಯಾರಿಗಾದ್ರೂ ಗಾಯ?"

ಇಲ್ಲ ಅಂದೆ.

"ಯಾರಾದ್ರೂ ನಾಪತ್ತೆ?"

ಅತ್ತೆ ತಲೆ ಎತ್ತದೆ, ಒರಳಿನ ಹಿಡಿ ಒರೆಸುತ್ತಲೇ ಹೇಳಿದರು: "ಇದ್ದಿದ್ದು ಒಂದೇ ರೀ. ಈಗ ಅದೂ ಸಿಕ್ತು."